ವೇತಾಳ ಟೇಕಡಿಯ ಮೇಲೆ ಬೆಲ್ಲ

ಬೆಳಿಗ್ಗೆ ಐದೂಮುಕ್ಕಾಲಕ್ಕೆ ಪಂಚವಟಿಯ ಕಡೆಯಿಂದ ವೇತಾಳ ಟೇಕಡಿ ಹತ್ತಲು ಶುರು ಮಾಡಿದರೆ ಮೊದಲ ಹತ್ತು ನಿಮಿಷ ಯಾರೂ ಸಿಗುವುದಿಲ್ಲ. ಕತ್ತಲೆ ಪೂರ್ತಿ ಹರಿದಿರುವುದಿಲ್ಲ. ಕೆಳಗೆ ಪಾಷಾಣ ರಸ್ತೆಯ ದೀಪಗಳು ಇನ್ನೂ ಉರಿಯುತ್ತಿರುತ್ತವೆ, ಎಲ್ಲೋ ಒಂದು ನವಿಲು ಕೂಗುತ್ತದೆ. ನನ್ನ ಎಡಗೈಯಲ್ಲಿ ಲೀಶು, ಬಲಗೈಯಲ್ಲಿ ಕೊಡೆ. ಮಳೆ ಇರಲಿ, ಬಿಡಲಿ, ಕೊಡೆ ಇರಲೇಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸೊಂಟದ ಚೀಲದಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳು. ಲೀಶಿನ ಆ ತುದಿಗೆ ಬೆಲ್ಲ.

ಬೆಲ್ಲ ನಮ್ಮ ನಾಯಿ. ಬೀದಿಯಲ್ಲಿ ಹುಟ್ಟಿದವಳು, ಹದಿನಾರು ಕಿಲೋ ತೂಕ, ಹೆಸರಿಗೆ ತಕ್ಕ ಬಣ್ಣ. ಇಲ್ಲಿನವರು ಅದನ್ನು 'ಬೆಲ್ಲಾ' ಎಂಬ ಇಂಗ್ಲಿಷ್ ಹೆಸರೆಂದು ತಿಳಿದು "ನೈಸ್ ನೇಮ್" ಅನ್ನುತ್ತಾರೆ. ಗುಳ, ಅಂದರೆ ನೀವು ಚಪಾತಿ ಜೊತೆ ತಿನ್ನುವುದೇ, ಎಂದು ಬಿಡಿಸಿ ಹೇಳುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಒಂದೂವರೆ ವರ್ಷದವಳಿದ್ದಾಗ ಒಂದು ಆಶ್ರಯಧಾಮದಿಂದ ತಂದೆವು. ಅದಕ್ಕೂ ಮೊದಲು ಅವಳಿಗೆ ಏನಾಗಿತ್ತು ಎಂಬುದು ಯಾರಿಗೂ ತಿಳಿಯದು. ಬಂದ ಹೊಸತರಲ್ಲಿ ಮೂರು ದಿನ ವಾಷಿಂಗ್ ಮಷೀನಿನ ಹಿಂದೆಯೇ ಕೂತಿದ್ದಳು. ರಾಣೆಬೆನ್ನೂರಿನಿಂದ ಅವ್ವ ಫೋನಿನಲ್ಲಿ, "ಬಡೀಬ್ಯಾಡ್ರಿ ಅದಕ್ಕ, ಮೈಲಾರಲಿಂಗನ ನಾಯಿ ಅದು" ಎಂದಳು. ಹೊಡೆಯುವ ಪ್ರಶ್ನೆ ಇರಲಿಲ್ಲ, ಆದರೂ ಆ ಮಾತು ನನಗೆ ಹಿಡಿಸಿತು. ನಮ್ಮ ಮೈಲಾರನೇ ಇಲ್ಲಿ ಜೇಜುರಿಯ ಖಂಡೋಬಾ. ಎರಡೂ ಕಡೆ ದೇವರ ಜೊತೆಗೆ ನಾಯಿ ಉಂಟು. ಅಲ್ಲಿ ಗೊರವರು ನಾಯಿಯಂತೆ ಬೊಗಳುತ್ತಾರೆ, ಇಲ್ಲಿ ವಾಘ್ಯಾಗಳು. ಊರು ಬಿಟ್ಟು ಬಂದವನಿಗೆ ಇಂಥ ಸಣ್ಣ ನಂಟುಗಳೂ ದೊಡ್ಡದಾಗಿ ಕಾಣುತ್ತವೆ.

ಮುಂಬೈಯವರಿಗೆ ಸಮುದ್ರ ಇದ್ದಂತೆ ಪುಣೆಯವರಿಗೆ ಟೇಕಡಿ. ಪರ್ವತಿ, ತಳಜಾಯಿ, ಹನುಮಾನ್ ಟೇಕಡಿ, ಬಾಣೇರ್ ಟೇಕಡಿ, ಹೀಗೆ ಊರಿನ ನಡುನಡುವೆಯೇ ಗುಡ್ಡಗಳು. ಎಲ್ಲಕ್ಕಿಂತ ಎತ್ತರದ್ದು ವೇತಾಳ ಟೇಕಡಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್, ಊರಿಗಿಂತ ಸುಮಾರು 240 ಮೀಟರ್ ಮೇಲೆ. ಕೋಥರೂಡ್, ಪಾಷಾಣ, ಸೇನಾಪತಿ ಬಾಪಟ್ ರಸ್ತೆ, ಲಾ ಕಾಲೇಜ್ ರಸ್ತೆ, ಎಲ್ಲ ಕಡೆಯಿಂದಲೂ ದಾರಿಗಳಿವೆ. ಮೇಲೆ ವೇತಾಳನ ಗುಡಿ. ನಮಗೆ ಚಂದಮಾಮದಿಂದ ಪರಿಚಯವಾದ, ವಿಕ್ರಮನ ಹೆಗಲೇರಿ ಕಥೆ ಹೇಳುವ ಬೇತಾಳನೇ ಈ ಸೀಮೆಯಲ್ಲಿ ಊರು ಕಾಯುವ ದೇವರು. ಗುಡ್ಡದ ಒಂದು ಮಗ್ಗುಲಲ್ಲಿ ಹಳೆಯ ಕಲ್ಲುಗಣಿ. ಈಗ ಅಲ್ಲಿ ಮಳೆನೀರು ನಿಂತು ಕೆರೆಯಂತಾಗಿದೆ. ಸುತ್ತ ಕಪ್ಪು ಬಸಾಲ್ಟ್ ಬಂಡೆ, ಜ್ವಾಲಾಮುಖಿಯ ಲಾವಾ ಆರಿ ಆದ ಕಲ್ಲು, ಆರೂವರೆ ಕೋಟಿ ವರ್ಷದ ಹಿಂದಿನದು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ದಿನಾ ಒಂದೂವರೆ ಗಂಟೆ ಕೂರುವವನಿಗೆ ಬೆಳಗಿನ ಈ ಒಂದು ಗಂಟೆಯೇ ಆ ದಿನದ ಸಂಪಾದನೆ.

ಈ ಗುಡ್ಡವನ್ನು ನಾನು ನನ್ನ ಕಣ್ಣಿಗಿಂತ ಹೆಚ್ಚಾಗಿ ಬೆಲ್ಲಳ ಭಯದಿಂದ ಕಲಿತೆ. ಯಾವ ತಿರುವಿನಲ್ಲಿ ಎದುರಿನವರು ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತಾರೆ, ಎಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿಯಲು ಜಾಗವಿದೆ, ಎಲ್ಲಿ ಎರಡೂ ಕಡೆ ಮುಳ್ಳು, ಇದೆಲ್ಲ ನನಗೆ ಬಾಯಿಪಾಠ. ಇಲ್ಲಿ ಅರಣ್ಯ ಇಲಾಖೆ ನೆಟ್ಟ ಗಿರಿಪುಷ್ಪದ ಮರಗಳೇ ಹೆಚ್ಚು, ನಮ್ಮ ಕಡೆ ಗೊಬ್ಬರದ ಗಿಡ ಅನ್ನುತ್ತಾರಲ್ಲ, ಅದೇ. ಚಳಿಗಾಲ ಮುಗಿಯುವ ಹೊತ್ತಿಗೆ ಅವು ಎಲೆ ಉದುರಿಸಿ ತಿಳಿಗುಲಾಬಿ ಹೂ ಬಿಡುತ್ತವೆ. ಜನ ಫೋಟೋ ತೆಗೆಯಲು ಬರುತ್ತಾರೆ. ನನಗೆ ಆ ತಿಂಗಳುಗಳು ಇಷ್ಟವಾಗುವುದು ಬೇರೆ ಕಾರಣಕ್ಕೆ. ಎಲೆ ಇಲ್ಲದ್ದರಿಂದ ನೂರು ಹೆಜ್ಜೆ ದೂರದ ನಾಯಿ ಕೂಡ ಕಾಣುತ್ತದೆ. ಜುಲೈ ಬಂತೆಂದರೆ ಇಡೀ ಗುಡ್ಡ ಹಸಿರು ಮುಚ್ಚಿಕೊಳ್ಳುತ್ತದೆ, ಎದುರಿಗೆ ಹತ್ತು ಹೆಜ್ಜೆ ಕಂಡರೆ ಪುಣ್ಯ. ಎಲ್ಲರೂ ಮಳೆಗಾಲದ ಟೇಕಡಿ ನೋಡಬೇಕು ಅನ್ನುವಾಗ ನಾನು ಒಳಗೊಳಗೇ ಫೆಬ್ರವರಿಗೆ ಕಾಯುತ್ತಿರುತ್ತೇನೆ.

ಅಂಜುಬುರುಕ ನಾಯಿಯ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ಗೆರೆಯ ಆಚೆ ಇನ್ನೊಂದು ನಾಯಿ ಇದ್ದರೆ ಅವಳು ನೋಡುತ್ತಾಳೆ, ಕಿವಿ ನಿಮಿರಿಸುತ್ತಾಳೆ, ನಾನು ಕೊಟ್ಟ ಮೊಟ್ಟೆ ತಿನ್ನುತ್ತಾಳೆ. ಗೆರೆ ದಾಟಿತೋ, ಮೊಟ್ಟೆ ಬಾಯಿಯ ಮುಂದಿದ್ದರೂ ಕಾಣುವುದಿಲ್ಲ. ತುಟಿ ನೆಕ್ಕುತ್ತಾಳೆ, ನಿದ್ದೆ ಬಾರದೆಯೂ ಆಕಳಿಸುತ್ತಾಳೆ, ಕಣ್ಣಂಚಿನ ಬಿಳಿ ಕಾಣುತ್ತದೆ, ಬಾಲ ಹೊಟ್ಟೆಯಡಿಗೆ ಹೋಗುತ್ತದೆ. ಆಮೇಲೆ ಬೊಗಳು, ಹಲ್ಲು, ಎಗರಾಟ. ನೋಡಿದವರಿಗೆ ಕಾಣುವುದು ಈ ಕೊನೆಯದು ಮಾತ್ರ. ಹಾಗಾಗಿ ಅವಳನ್ನು ಸಿಟ್ಟಿನ ನಾಯಿ ಅನ್ನುತ್ತಾರೆ. ಓಡಿಹೋಗುವುದು ಅವಳ ಮೊದಲ ಆಸೆ, ಆದರೆ ಕುತ್ತಿಗೆಯ ಪಟ್ಟಿ ನನ್ನ ಕೈಯಲ್ಲಿದೆ. ಓಡಲಾಗದವಳು ಇನ್ನೇನು ಮಾಡಿಯಾಳು?

ಮೊದಲು ಅವಳ ಗೆರೆ ಅರವತ್ತು ಹೆಜ್ಜೆ ಇತ್ತು. ದೂರದಲ್ಲಿ ನಾಯಿ ಕಂಡ ತಕ್ಷಣ ಮೊಟ್ಟೆ, ನಾಯಿ ಮರೆಯಾದ ತಕ್ಷಣ ಮೊಟ್ಟೆ ಬಂದ್. ಇದನ್ನೇ ತಿಂಗಳುಗಟ್ಟಲೆ ಮಾಡಿ ಇಪ್ಪತ್ತೈದಕ್ಕೆ ಇಳಿಸಿದೆವು. ಲೆಕ್ಕ ಕೇಳಿದರೆ ಸಣ್ಣದು. ಆದರೆ ಒಂದು ಕೆಟ್ಟ ಭೇಟಿ ಆಯಿತೆಂದರೆ ಎರಡು ಮೂರು ದಿನ ಅವಳ ಮೈ ಬಿಗಿದೇ ಇರುತ್ತದೆ, ಕುಕ್ಕರಿನ ಸೀಟಿಗೂ ಬೆಚ್ಚುತ್ತಾಳೆ, ಅರವತ್ತರಿಂದ ಮತ್ತೆ ಎಣಿಸಬೇಕು.

ಗುಡ್ಡದ ಬೀದಿನಾಯಿಗಳಿಂದ ನಮಗೆ ಹೆಚ್ಚು ತೊಂದರೆ ಆದದ್ದಿಲ್ಲ. ಇದು ನನಗೂ ಆಶ್ಚರ್ಯ. ಗಣಿಯ ಹತ್ತಿರದ ಐದಾರು ನಾಯಿಗಳು, ಕಿವಿಯ ತುದಿ ಕತ್ತರಿಸಿದವು, ಅಂದರೆ ಸಂತಾನಹರಣ ಚಿಕಿತ್ಸೆ ಆದವು, ತಮ್ಮ ಗಡಿಯಲ್ಲಿ ನಿಂತು ಬೊಗಳುತ್ತವೆ. ನಾವು ಹೊರಳಿದರೆ ಅಲ್ಲಿಗೆ ಮುಗಿಯಿತು. ಅವುಗಳಲ್ಲಿ ಒಂದು ಮುದಿ ಹೆಣ್ಣು ಒಮ್ಮೆ ಹತ್ತಿರ ಬಂದಾಗಲೂ ನೇರ ಬರಲಿಲ್ಲ. ಮುಖ ಬೇರೆ ಕಡೆ ಮಾಡಿ, ಹುಲ್ಲು ಮೂಸುತ್ತ, ದೊಡ್ಡ ಅರ್ಧಚಂದ್ರದ ಹಾಗೆ ಬಳಸಿ ಬಂತು. ನಾಯಿಗಳಲ್ಲಿ ಅದು ಮರ್ಯಾದೆಯ ನಡಿಗೆ. ನೇರ ಎದುರಿಗೆ ಓಡಿಬರುವುದು ಒರಟುತನ. ಆ ಒರಟುತನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದ, ಮನೆಯಲ್ಲಿ ಮುದ್ದಾಗಿ ಬೆಳೆದ, ಲೀಶು ಬಿಚ್ಚಿದ ನಾಯಿಗಳದ್ದು. ಅವುಗಳ ತಪ್ಪಲ್ಲ ಬಿಡಿ. ಲೋಕದಲ್ಲಿ ತಮ್ಮನ್ನು ಕಂಡರೆ ಹೆದರುವವರೂ ಇದ್ದಾರೆ ಎಂದು ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಅವುಗಳ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಬರುವ ಯಜಮಾನರು ಕೈಯೆತ್ತಿ ಕೂಗುವ ಮಾತು ಒಂದೇ: "ತೋ ಕಾಹೀ ಕರತ್ ನಾಹೀ!" ಅದು ಏನೂ ಮಾಡಲ್ಲ.

ಮೊದಮೊದಲು ನಾನು, "ತೀ ಘಾಬರತೇ, ಕುತ್ರ್ಯಾಲಾ ಬಾಂಧಾ ಪ್ಲೀಸ್" ಅನ್ನುತ್ತಿದ್ದೆ. ಇವಳು ಹೆದರುತ್ತಾಳೆ, ನಾಯಿ ಕಟ್ಟಿ. ಹನ್ನೊಂದು ವರ್ಷ ಪುಣೆಯಲ್ಲಿದ್ದರೂ ನನ್ನ ಮರಾಠಿ ಭಾಜಿ ಕೊಳ್ಳುವಷ್ಟೇ ಇತ್ತು. ಈ ವಾಕ್ಯವನ್ನು ಆಫೀಸಿನ ಗೆಳೆಯನ ಹತ್ತಿರ ಹೇಳಿಸಿಕೊಂಡು ತಿದ್ದಿಕೊಂಡಿದ್ದೆ. ಪ್ರಯೋಜನ ಕಡಿಮೆ. "ಹೆದರುತ್ತಾಳೆ" ಎಂದರೆ ಜನ ನಗುತ್ತಾರೆ, ಸಲಹೆ ಕೊಡುತ್ತಾರೆ. ಬಿಡಿ, ಒಂದು ಸಲ ಮೂಸಿಕೊಳ್ಳಲಿ, ಭಯ ಹೋಗುತ್ತದೆ ಅನ್ನುತ್ತಾರೆ. ಈಜು ಬಾರದವನನ್ನು ಬಾವಿಗೆ ನೂಕಿ ಕಲಿಸುವ ನಮ್ಮೂರ ಪದ್ಧತಿ. ನನಗೂ ಹಾಗೇ ಕಲಿಸಿದ್ದರು. ಇವತ್ತಿಗೂ ನಾನು ಬಾವಿಯ ಹತ್ತಿರ ಹೋಗುವುದಿಲ್ಲ.

ಒಂದು ಜುಲೈ ಬೆಳಿಗ್ಗೆ, ಗಣಿಯಿಂದ ಇಳಿಯುವ ಕಾಲುದಾರಿಯ ತಿರುವು. ಹಸಿರಿನ ಮರೆಯಿಂದ ಒಂದು ಎಳೆ ಲ್ಯಾಬ್ರಡಾರ್ ಬಾಣದ ಹಾಗೆ ಬಂತು. ಹಿಂದೆ ಅದರ ಯಜಮಾನ, ಫೋನಿನಲ್ಲಿ ಮಾತಾಡುತ್ತ. "ಕಾಹೀ ಕರತ್ ನಾಹೀ, ಖೇಳಾಯ್ಚಂಯ್ ತ್ಯಾಲಾ." ಆಡಬೇಕಂತೆ ಅದಕ್ಕೆ. ನಿಜ, ಅದು ಆಡಲೆಂದೇ ಬಂದಿತ್ತು, ಮುಂಗಾಲು ಬಗ್ಗಿಸಿ ಬಾಲ ಬೀಸುತ್ತಿತ್ತು. ಬೆಲ್ಲ ನನ್ನ ಕಾಲಿನ ಹಿಂದೆ ಅಡಗಿದಳು, ಅದು ಹಿಂದಕ್ಕೆ ಬಂತು. ಈ ಕಡೆ ಬಂದಳು, ಅದು ಈ ಕಡೆ ಬಂತು. ಲೀಶು ನನ್ನ ಮೊಣಕಾಲಿಗೆ ಸುತ್ತಿಕೊಂಡಿತು. ಅವಳನ್ನು ಎತ್ತಿಕೊಳ್ಳಲೆಂದು ಕೈ ಹಾಕಿದೆ. ಅವಳು ಬಾಯಿಯ ಮುಂದೆ ಬಂದದ್ದನ್ನು ಕಚ್ಚಿದಳು. ಬಂದದ್ದು ನನ್ನ ಬಲ ಮುಂಗೈ.

ಮರುಕ್ಷಣವೇ ಬಿಟ್ಟಳು. ಬಿಟ್ಟು ನನ್ನ ಮುಖ ನೋಡಿದಳು, ಆಮೇಲೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಆ ಲ್ಯಾಬ್ರಡಾರ್ ಕೂಡ ಹೆದರಿ ಓಡಿತು. ಯಜಮಾನ ಹತ್ತಿರ ಬಂದು ರಕ್ತ ನೋಡಿ ಹೇಳಿದ: "ಬಘಾ, ತುಮ್ಚಂಚ್ ಕುತ್ರಂ ಚಾವಲಂ." ನೋಡಿ, ಕಚ್ಚಿದ್ದು ನಿಮ್ಮ ನಾಯಿಯೇ. ಹೌದಲ್ಲ, ಅದರಲ್ಲಿ ಸುಳ್ಳೇನಿರಲಿಲ್ಲ. ಸಾಕುಪ್ರಾಣಿಯ ವಿಷಯದಲ್ಲಿ ಯಜಮಾನನ ಅಜಾಗರೂಕತೆಗೆ ಶಿಕ್ಷೆ ಇದೆ ಎಂದು ಕಾನೂನಿನ ಕಲಮು ಹೇಳಬಹುದಿತ್ತು. ಆದರೆ ಒಂದು ಕೈಯಲ್ಲಿ ರಕ್ತ, ಇನ್ನೊಂದರಲ್ಲಿ ನಡುಗುವ ನಾಯಿ ಇದ್ದಾಗ ಯಾರಿಗೆ ಕಲಮು ನೆನಪಾಗುತ್ತದೆ?

ಮನೆಗೆ ಬಂದು ನಲ್ಲಿಯ ಕೆಳಗೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದೆ. ಡಾಕ್ಟರು ಹೊಲಿಗೆ ಹಾಕಲಿಲ್ಲ. ನಾಯಿ ಕಚ್ಚಿದ ಗಾಯವನ್ನು ಆದಷ್ಟು ಮುಚ್ಚಬಾರದಂತೆ. ಬೆಲ್ಲಳಿಗೆ ಲಸಿಕೆ ಆಗಿದೆ ಎಂದರೂ ನನಗೆ ಚುಚ್ಚುಮದ್ದು ತಪ್ಪಲಿಲ್ಲ. ಅವತ್ತು ಒಂದು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ. ರಾತ್ರಿ ಮಗಳು ಮಲಗಿದ ಮೇಲೆ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, "ಇದು ಅವಳ ಕೈ ಆಗಿದ್ರ?" ಎಂದಳು. ನಾನು ಉತ್ತರ ಕೊಡಲಿಲ್ಲ. "ವಾಪಸ್ ಬಿಟ್ಟು ಬರೋಣು ಅನ್ನಲಿಕ್ಕೂ ಬಾಯಿ ಬರವಲ್ದು" ಎಂದು ಅವಳೇ ಎದ್ದು ಹೋದಳು. ಬೆಲ್ಲ ಮತ್ತೆ ವಾಷಿಂಗ್ ಮಷೀನಿನ ಹಿಂದೆ ಸೇರಿದ್ದಳು. ಅವಳ ಬಟ್ಟಲು ಅಲ್ಲಿಗೇ ಒಯ್ದಿಟ್ಟದ್ದು ಹೆಂಡತಿಯೇ.

ಅದಾದ ಮೇಲೆ ಎರಡು ಕೆಲಸ ಮಾಡಿದೆವು. ಒಂದು, ಬಾಯಿಬುಟ್ಟಿ. ಕಣ ತುಳಿಯುವ ಎತ್ತಿನ ಬಾಯಿಗೆ ಕಟ್ಟುತ್ತಿದ್ದರಲ್ಲ, ಆ ಥರದ್ದು, ಪ್ಲಾಸ್ಟಿಕ್ಕಿನದು. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಒಳಗೆ ಮೊಸರನ್ನ ಸವರಿ ಸವರಿ ಮೂರು ವಾರದಲ್ಲಿ ರೂಢಿ ಮಾಡಿಸಿದೆವು. ಎರಡನೆಯದು ಕೊಡೆ, ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚುವಂಥದ್ದು. ಓಡಿಬರುವ ನಾಯಿಯ ಮುಂದೆ ಅದನ್ನು ಬಿಚ್ಚಿದರೆ ಅದಕ್ಕೆ ಬೆಲ್ಲ ಕಾಣುವುದಿಲ್ಲ, ಅರೆಕ್ಷಣ ಗಕ್ಕನೆ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಮುಷ್ಟಿ ತಿಂಡಿಯನ್ನು ಅದರ ಮುಂದೆಯೇ ಎಸೆದು ನಾವು ಜಾಗ ಖಾಲಿ ಮಾಡುವುದು. ಬೆಲ್ಲಳೇ ಕೊಡೆಗೆ ಹೆದರದಂತೆ ಮನೆಯ ಹಾಲ್‌ನಲ್ಲಿ ಎಷ್ಟು ಸಲ ಬಿಚ್ಚಿ ಮುಚ್ಚಿದೆನೋ! ಮನೆಯೊಳಗೆ ಕೊಡೆ ಬಿಚ್ಚಬಾರದು ಎಂದು ಅತ್ತೆಯವರಿಂದ ಬೈಸಿಕೊಂಡದ್ದೂ ಆಯಿತು.

ಇನ್ನೊಂದು ಕೆಲಸವನ್ನು ನಾನೊಬ್ಬನೇ ಮಾಡಿದೆ, ಯಾರಿಗೂ ಹೇಳದೆ. ವಾಕ್ಯ ಬದಲಿಸಿದೆ. "ಘಾಬರತೇ" ಬಿಟ್ಟು "ತೀ ಚಾವತೇ!" ಎಂದು ಕೂಗತೊಡಗಿದೆ. ಇವಳು ಕಚ್ಚುತ್ತಾಳೆ.

ಮಂತ್ರ ಹಾಕಿದ ಹಾಗೆ ಕೆಲಸ ಮಾಡಿತು. ಯಾರ ಹೆಸರು ಕೂಗಿದರೂ ತಿರುಗದ ನಾಯಿಗಳನ್ನು ಯಜಮಾನರು ಓಡಿಬಂದು ಪಟ್ಟಿ ಹಿಡಿದು ಎಳೆದುಕೊಂಡರು. ಫೋನುಗಳು ಜೇಬಿಗೆ ಹೋದವು. ದಾರಿ ತಾನಾಗಿ ತೆರೆಯಿತು. ಬಾಯಿಬುಟ್ಟಿ ಬೇರೆ ಇತ್ತಲ್ಲ, ಸಾಕ್ಷಿಗೆ. ಹೆದರುವವಳಿಗೆ ಸಿಗದ ಜಾಗ ಕಚ್ಚುವವಳಿಗೆ ಸಿಕ್ಕಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬೆಲ್ಲಳ ಗೆರೆ ಮತ್ತೆ ಮೂವತ್ತು ಹೆಜ್ಜೆಗೆ ಬಂತು. ನನಗೆ ಬುದ್ಧಿವಂತಿಕೆಯ ಹೆಮ್ಮೆ.

ಗುಡ್ಡದ ಮೇಲೆ ಕೂಗಿದ್ದು ಗುಡ್ಡದ ಮೇಲೇ ಉಳಿಯುವುದಿಲ್ಲ. ನಮ್ಮ ಸೊಸೈಟಿಯ ನಾಲ್ಕಾರು ಜನ ಅಲ್ಲಿಗೆ ವಾಕಿಂಗ್ ಬರುತ್ತಾರೆ. ಡಿಸೆಂಬರಿನಲ್ಲಿ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ಬಿ ವಿಂಗಿನ ಕಚ್ಚುವ ನಾಯಿಯನ್ನು ಸಾಮಾನ್ಯ ಲಿಫ್ಟಿನಲ್ಲಿ ತರಬಾರದು, ಮಾಲೀಕರೇ ಅದು ಕಚ್ಚುತ್ತದೆಂದು ಒಪ್ಪಿಕೊಂಡಿದ್ದಾರೆ. ಕೆಳಗೆ ಹದಿನೇಳು ಹೆಬ್ಬೆರಳು. ಕಮಿಟಿಯ ಮುಂದೆ ಕೂರಬೇಕಾಯಿತು. ಸಾಕುನಾಯಿಗಳಿಗೆ ಲಿಫ್ಟ್ ನಿರಾಕರಿಸಬಾರದೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ತೋರಿಸಿದೆ, ಲಸಿಕೆಯ ಪುಸ್ತಕ ತೋರಿಸಿದೆ. ಲಿಫ್ಟ್ ಉಳಿಯಿತು. ಆದರೆ ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದವರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುವುದಕ್ಕೆ ಯಾವ ಮಾರ್ಗಸೂಚಿ ತೋರಿಸಲಿ? ಮಗಳು ಕೇಳಿದಳು, "ಅಪ್ಪಾ, ನಿನ್ನನ್ನ ಬಿಟ್ಟು ಬೆಲ್ಲ ಯಾರನ್ನ ಕಚ್ಚಿದ್ಲು?" ಯಾರನ್ನೂ ಇಲ್ಲ ಎಂದೆ. "ಮತ್ತ ಯಾಕ ಹಂಗ ಹೇಳ್ದಿ?"

ಇನ್ನೊಂದು ಸಂಗತಿ ಹೇಳದೆ ಇದ್ದರೆ ಈ ಬರಹ ಪೂರ್ತಿ ನನ್ನ ಕಡೆಗೇ ವಾಲುತ್ತದೆ.

ಜನವರಿಯ ಒಂದು ವಾರದ ದಿನ, ಗಣಿಯ ಮೇಲಿನ ಬಂಡೆಯ ಬಯಲು. ಆರೂವರೆ ಇರಬೇಕು. ಸುತ್ತ ಇನ್ನೂರು ಹೆಜ್ಜೆ ಒಂದು ನರಪಿಳ್ಳೆ ಇಲ್ಲ. ಬೆಲ್ಲ ಎರಡು ವರ್ಷದಿಂದ ಒಮ್ಮೆಯೂ ಓಡಿರಲಿಲ್ಲ. ಆರಡಿ ಲೀಶಿನಲ್ಲಿ ನಾಯಿ ನಡೆಯಬಹುದೇ ಹೊರತು ಓಡಲಾಗುವುದಿಲ್ಲ. ಬಾಯಿಬುಟ್ಟಿ ಬಿಚ್ಚಿದೆ. ಲೀಶು ಬಿಚ್ಚಿದೆ. ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಓಡಿದಳು ನೋಡಿ! ಹೊಟ್ಟೆ ನೆಲಕ್ಕೆ ತಾಗುವ ಹಾಗೆ, ಕಿವಿ ಹಿಂದಕ್ಕೆ ಮಡಚಿ, ಬಂಡೆಯ ಸುತ್ತ ಮೂರು ಸುತ್ತು. ಬಾಯಿ ತೆರೆದು, ನಾಲಿಗೆ ಜೋತಾಡುತ್ತ. ನಾನು ನಿಂತಲ್ಲೇ ನಗುತ್ತಿದ್ದೆ.

ಆಗ ಇಳಿಜಾರಿನಿಂದ ಒಬ್ಬ ಅಜ್ಜಿ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಮೇಲೆ ಬಂದಳು. ಬೆಲ್ಲ ಗಕ್ಕನೆ ನಿಂತಳು, ಬೆನ್ನ ಕೂದಲು ನಿಮಿರಿತು, ಬೊಗಳುತ್ತ ಅವಳ ಸುತ್ತ ತಿರುಗತೊಡಗಿದಳು. ಕಟ್ಟಿಗೆ ಹೊರೆ ಇರುವ ಮನುಷ್ಯಳನ್ನು ಅವಳು ಕಂಡಿರಲಿಲ್ಲವೇನೋ. ಅಜ್ಜಿ ಅಲ್ಲಾಡದೆ ನಿಂತಳು, ಹೊರೆ ಮಾತ್ರ ವಾಲುತ್ತಿತ್ತು. ನಾನು ಓಡುತ್ತ ಕೂಗಿದೆ. ಮರಾಠಿ ಬಾಯಿಗೆ ಬರಲಿಲ್ಲ, ಗಾಬರಿಯಲ್ಲಿ ಬಂದದ್ದು ಕನ್ನಡ: "ಏನೂ ಮಾಡಂಗಿಲ್ರೀ ಅದು! ಏನೂ ಮಾಡಂಗಿಲ್ಲ!"

ಅಜ್ಜಿ ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿ ಹೇಳಿದಳು: "ಯಪ್ಪಾ, ಅದು ನಿನಗ ಗೊತ್ತದ. ನನಗ ಹ್ಯಾಂಗ ಗೊತ್ತಾಗಬೇಕು?"

ಕಲಬುರಗಿ ಕಡೆಯ ಮಾತು. ಪುಣೆಯ ಕಟ್ಟಡ ಕೆಲಸಕ್ಕೆ ಆ ಕಡೆಯಿಂದ ಎಷ್ಟೋ ಜನ ಬರುತ್ತಾರೆ, ಅವಳ ಮಗ ಸೊಸೆಯೂ ಹಾಗೇ ಬಂದವರಂತೆ. ಇದೆಲ್ಲ ಆಮೇಲೆ ತಿಳಿದದ್ದು, ಬೆಲ್ಲಳನ್ನು ಹಿಡಿದು, ಹೊರೆ ಇಳಿಸಿ, ಅಜ್ಜಿಯನ್ನು ಬಂಡೆಯ ಮೇಲೆ ಕೂರಿಸಿದ ಮೇಲೆ. ಅವಳ ಕೈ ನಡುಗುತ್ತಿತ್ತು. ಎರಡು ವರ್ಷದ ಹಿಂದೆ ಕೆಲಸದ ಸೈಟಿನಲ್ಲಿ ನಾಯಿ ಕಚ್ಚಿ ಮೊಮ್ಮಗನಿಗೆ ಸೂಜಿ ಹಾಕಿಸಲು ದೊಡ್ಡಾಸ್ಪತ್ರೆಗೆ ನಾಲ್ಕು ಸಲ ಓಡಾಡಿದ್ದರಂತೆ, ನಾಲ್ಕು ದಿನದ ಕೂಲಿ ಹೋಗಿತ್ತಂತೆ. ಅದನ್ನು ನನ್ನನ್ನು ಬೈಯಲೆಂದು ಹೇಳಲಿಲ್ಲ, ಸುಮ್ಮನೆ ಹೇಳಿದಳು. ನಾನು ತಪ್ಪಾಯ್ತು ಅಂದೆ. "ಕಟ್ಟಿ ಹಿಡಕೊಂಡು ತಿರುಗ್ರಿ" ಎಂದು ಎದ್ದಳು. ಹೊರೆ ಎತ್ತಿ ಅವಳ ತಲೆಗೆ ಇಡುವಾಗ ಅದರ ಭಾರ ಗೊತ್ತಾಯಿತು. ಬೆಲ್ಲಳಿಗಿಂತ ಜಾಸ್ತಿಯೇ ಇತ್ತು.

ಆಮೇಲೆ ಲೀಶು ಬಿಚ್ಚಿಲ್ಲ. ಹದಿನೈದು ಮೀಟರಿನ ಉದ್ದ ಹಗ್ಗ ತಂದಿದ್ದೇನೆ. ಬಯಲಿನಲ್ಲಿ ಅದರ ತುದಿ ಹಿಡಿದು ನಾನೂ ಓಡುತ್ತೇನೆ, ಅವಳಿಗೆ ಅರ್ಧ ಓಟವಾದರೂ ಸಿಗುತ್ತದೆ, ನನಗೆ ಮೊಣಕಾಲು ನೋವು. ವಾಕ್ಯವನ್ನೂ ಬದಲಿಸಿದ್ದೇನೆ. ಈಗ ಹೇಳುವುದು, "ತಿಲಾ ಜಾಗಾ ಪಾಹಿಜೇ." ಇವಳಿಗೆ ಜಾಗ ಬೇಕು. ಅರ್ಧ ಜನ ಕೇಳುತ್ತಾರೆ, ಅರ್ಧ ಜನ ಯಾವ ಜಾಗ ಎಂದು ಮುಖ ನೋಡುತ್ತಾರೆ. ಯಾವುದಾದರೂ ಲ್ಯಾಬ್ರಡಾರ್ ಬಾಣದಂತೆ ಬಂದಾಗ ಬಾಯಿಂದ ಈಗಲೂ "ಚಾವತೇ" ಬಂದುಬಿಡುವುದುಂಟು. ಸೊಸೈಟಿಯವರು ಯಾರೂ ಹತ್ತಿರ ಇಲ್ಲವೆಂದು ನೋಡಿಕೊಂಡೇ ಕೂಗುತ್ತೇನೆ ಅನ್ನುವುದು ಬೇರೆ ಮಾತು.

ಹೋದ ಭಾನುವಾರ ಹೊರಟದ್ದು ತಡವಾಗಿ, ಏಳು ದಾಟಿತ್ತು. ಗುಡಿಯ ಕೆಳಗಿನ ದಾರಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಕಾಕಾ, ಜೊತೆಗೆ ಲೀಶಿಲ್ಲದ ಒಂದು ಮುದಿ ಅಲ್ಸೇಷಿಯನ್. ನಾನು ಕೊಡೆಯ ಗುಂಡಿಯ ಮೇಲೆ ಬೆರಳಿಟ್ಟೆ. ಅವರು ಬೆಲ್ಲಳನ್ನು ನೋಡಿದರು, ನನ್ನ ಬೆರಳನ್ನೂ ನೋಡಿರಬೇಕು, ಒಂದು ಸಣ್ಣ ಸಿಳ್ಳೆ ಹಾಕಿದರು. ಅವರ ನಾಯಿ ಅವರ ಕಾಲ ಬಳಿ ಕೂತಿತು. ಅದರ ಪಟ್ಟಿಗೆ ಕೈ ಹಾಕಿಕೊಂಡು ನನ್ನನ್ನು ಕೇಳಿದರು, "ಕಿತೀ ಲಾಂಬ್?"

ಎಷ್ಟು ದೂರ. ಈ ನಾಲ್ಕು ವರ್ಷದಲ್ಲಿ ಈ ಗುಡ್ಡದ ಮೇಲೆ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಹಾಗಾಗಿ ಉತ್ತರ ಕೂಡಲೇ ಹೊಳೆಯಲಿಲ್ಲ. ಹಿಂದಿನ ಗಿರಿಪುಷ್ಪದ ಮರ ತೋರಿಸಿದೆ. ಅವರು ತಮ್ಮ ನಾಯಿಯನ್ನು ಕರೆದುಕೊಂಡು ಆ ಮರದವರೆಗೆ ಹಿಂದೆ ನಡೆದು ನಿಂತರು. ಬೆಲ್ಲ ಅವುಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಮೊಟ್ಟೆ ತಿಂದಳು. ನೆಲ ಮೂಸಿದಳು. ಆಮೇಲೆ ನೀರಿನಿಂದ ಎದ್ದು ಬಂದವಳ ಹಾಗೆ ಮೈಯನ್ನೊಮ್ಮೆ ಜೋರಾಗಿ ಕೊಡವಿ, ದಾರಿಯಂಚಿನ ಹುಲ್ಲಿನಲ್ಲಿ ದೊಡ್ಡ ಅರ್ಧಚಂದ್ರ ಬಳಸಿ ಅವರನ್ನು ದಾಟಿದಳು. ಕಾಕಾ ಕೈಯೆತ್ತಿದರು, ನಾನೂ ಎತ್ತಿದೆ. ಕೈಯಲ್ಲಿ ಕೊಡೆ ಇತ್ತು, ಮುಚ್ಚಿದ್ದೇ.